ನಾಲ್ಕನೇ ಚೌಕ

"ರೀ, ಬೇಗ ಬನ್ನಿ ಇಲ್ಲಿ!"

ಅಮ್ಮನ ಕೂಗು ಕೇಳಿ ಅಪ್ಪ ಕೈಯಲ್ಲಿದ್ದ ಬಕೆಟ್ ಅಲ್ಲೇ ಬಿಟ್ಟು ಓಡಿದ. ಆಗತಾನೇ ಶಾಲೆಯಿಂದ ಬಂದಿದ್ದ ಮಗಳು ಅಳಿಲು ಬ್ಯಾಗ್ ಕೂಡ ಇಳಿಸದೆ ಅವನ ಹಿಂದೆಯೇ ಓಡಿದಳು.

ಹೊಸ ಮನೆಯ ಮುಂದಿನ ಗೋಡೆಗೆ ಶನಿವಾರ, ಭಾನುವಾರ ಎರಡೂ ದಿನ ಮೂವರೂ ಸೇರಿ ಮಣ್ಣು ಮೆತ್ತಿ, ಸವರಿ, ನುಣ್ಣಗೆ ಮಾಡಿದ್ದರು. ಈಗ ಅದರ ತುಂಬ ಬಿರುಕು, ಒಣಗಿದ ಕೆರೆಯ ತಳದ ಹಾಗೆ. ಅಪ್ಪ ಬೆರಳಿನಿಂದ ಮುಟ್ಟಿದ್ದೇ ತಡ, ತಟ್ಟೆಯಷ್ಟಗಲದ ಚಕ್ಕೆಯೊಂದು ಕಳಚಿ ಅವನ ಕಾಲ ಮೇಲೆಯೇ ಬಿತ್ತು.

"ಮನೆ ಕಟ್ಟಿ ನೋಡು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ" ಅಂದ ಅಪ್ಪ. ಮಾತು ತಮಾಷೆಯದ್ದೇ, ಆದರೆ ಮುಖದಲ್ಲಿ ನಗು ಇರಲಿಲ್ಲ.

ಅಪ್ಪ ಬಸ್ ಡ್ರೈವರ್, ಅಮ್ಮ ಟೈಲರ್. ಅವರು ಬಾಡಿಗೆಗಿದ್ದ ಶೀಟಿನ ಮನೆ ಬೇಸಿಗೆಯಲ್ಲಿ ಕಾದ ಕಾವಲಿ. ಅದಕ್ಕೇ ಎರಡು ವರ್ಷದಿಂದ, ಬಿಡುವು ಸಿಕ್ಕಾಗಲೆಲ್ಲ ಇಲ್ಲಿಗೆ ಬಂದು ತಂಪಾದ ಮನೆಯೊಂದನ್ನು ತಾವೇ ಕಟ್ಟುತ್ತಿದ್ದರು. ಪಾಯ ತೋಡಿದಾಗ ಬಂದ ಮಣ್ಣಿನಲ್ಲೇ ಇಟ್ಟಿಗೆ ಮಾಡಿ, ಸುಡದೆ, ಬಿಸಿಲಿಗೆ ಒಣಗಿಸಿದ್ದರು. ಕಿಟಕಿ ಬಾಗಿಲೆಲ್ಲ ಕೆಡವಿದ ಹಳೇ ಶಾಲೆಯೊಂದರದ್ದು. ಮುಂಬಾಗಿಲ ಮೇಲೆ "7ನೇ ಕ್ಲಾಸ್" ಅಂತ ಬಿಳಿ ಬಣ್ಣದಲ್ಲಿ ಬರೆದದ್ದು ಇನ್ನೂ ಹಾಗೇ ಇತ್ತು. ಕೆಲಸ ಕಲಿಸಿಕೊಟ್ಟವರು ಮೇಸ್ತ್ರಿ ತಾತ. ಇಟ್ಟಿಗೆ ಹೊತ್ತವರು ಅಪ್ಪ, ಅಮ್ಮ. ಮಗಳು ಪುಟ್ಟ ಮುಷ್ಟಿಯಲ್ಲಿ ಮರಳು ತಂದು ತಂದು ಸುರಿಯುತ್ತಿದ್ದಳು. "ನಿಂದು ಅಳಿಲು ಸೇವೆ ಕಣಮ್ಮಾ" ಅಂತ ತಾತ ಒಂದು ಸಲ ನಕ್ಕಿದ್ದೇ ನಕ್ಕಿದ್ದು, ಅವಳ ಹೆಸರೇ ಅಳಿಲು ಅಂತಾಗಿಬಿಟ್ಟಿತು.

"ಸ್ಯಾಂಪಲ್ ಚೆನ್ನಾಗೇ ಬಂದಿತ್ತಲ್ಲಾ?" ಅಮ್ಮ ಗೋಡೆಯನ್ನೇ ನೋಡುತ್ತ ಅಂದಳು. "ನಾಲ್ಕನೇದು. ಬಿರುಕಿಲ್ಲ, ಪುಡಿ ಉದುರಲ್ಲ ಅಂತ ಬುಕ್ಕಲ್ಲಿ ಬರೆದಿತ್ತು."

ಅಳಿಲು ತಟ್ಟನೆ ತಲೆ ಎತ್ತಿದಳು. ಆ ಬುಕ್ಕು ಅವಳದ್ದು.

ಗೋಡೆಗೆ ಯಾವ ಹದ ಸರಿಹೋಗುತ್ತದೆ ಅಂತ ನೋಡಲು ತಾತ ಹಿಂದಿನ ಗೋಡೆಯ ಮೇಲೆ ಆರು ಚೌಕ ಬಳಿದಿದ್ದರು. ಒಂದೊಂದರಲ್ಲೂ ಮಣ್ಣು, ಮರಳು, ಒಣಹುಲ್ಲಿನ ಪಾಲು ಬೇರೆ ಬೇರೆ. ಬಿಸಿಲು ಬೀಳದಂತೆ ಮೇಲೊಂದು ಗೋಣಿತಾಟು ಇಳಿಬಿಟ್ಟು, "ದಿನಾ ಸಾಯಂಕಾಲ ನೋಡಿ ಬರೀಬೇಕು, ಇಂಜಿನಿಯರ್ ಮೇಡಂ" ಅಂತ ಅವಳಿಗೆ ಒಪ್ಪಿಸಿದ್ದರು. ಅವಳು ಗುರುವಾರದವರೆಗೆ ತಪ್ಪದೆ ನೋಡಿದಳು, ಬರೆದಳು. ಶುಕ್ರವಾರ ಕೊನೇ ದಿನ. ಗೆಳತಿಗೆ ಹೊಸ ಗೇರ್ ಸೈಕಲ್ ಬಂದದ್ದೂ ಅಂದೇ! ಒಂದು ರೌಂಡ್, ಇನ್ನೊಂದೇ ರೌಂಡ್ ಅನ್ನುವಷ್ಟರಲ್ಲಿ ಕತ್ತಲಾಯಿತು. ಶನಿವಾರ ಬೆಳಗ್ಗೆ ಅಪ್ಪ "ಯಾವುದು ಫಸ್ಟ್ ಬಂತು?" ಅಂತ ಕೇಳಿದಾಗ, ಗುರುವಾರ ಚೆಂದ ಕಂಡಿದ್ದ ನಾಲ್ಕನ್ನೇ ಬರೆದು ತೋರಿಸಿದಳು. ಒಂದೇ ದಿನದಲ್ಲಿ ಮಹಾ ಏನು ಬದಲಾಗುತ್ತೆ ಅಂದುಕೊಂಡಿದ್ದಳು.

ಅವಳು ಮೆಲ್ಲಗೆ ಹಿಂದಕ್ಕೆ ಹೋಗಿ ಗೋಣಿತಾಟು ಎತ್ತಿದಳು. ನಾಲ್ಕನೇ ಚೌಕದ ತುಂಬ ಬಿರುಕು. ಪಕ್ಕದ ಐದರಲ್ಲೂ ಎರಡು ಗೀರು. ಆರನೆಯದು ಮಾತ್ರ ಗಟ್ಟಿಯಾಗಿತ್ತು. ಅಂಗೈಯಿಂದ ಉಜ್ಜಿದಳು, ಒಂದು ಚೂರೂ ಪುಡಿ ಉದುರಲಿಲ್ಲ.

ತಿರುಗಿ ಬಂದಾಗ ಅಪ್ಪ ಫೋನ್ ಕೈಗೆತ್ತಿಕೊಂಡಿದ್ದ.

"ನಮ್ಮ ಮಣ್ಣೇ ಸರಿ ಇಲ್ಲ ಕಣೇ. ಇನ್ನೆಷ್ಟು ಅಂತ ಒದ್ದಾಡೋದು? ಸಿಮೆಂಟ್‌ನವರಿಗೆ ನಾಳೇನೇ ಬರೋಕೆ ಹೇಳ್ಬಿಡ್ತೀನಿ."

ಗೋಡೆಗೆ ಮಣ್ಣೇ ಮೆತ್ತಬೇಕು, ಆಗಲೇ ಒಳಗೆ ತಂಪು ಅಂತ ಎರಡು ವರ್ಷ ಹಟ ಹಿಡಿದವಳು ಅಮ್ಮ. ಈಗ ಆ ಚಕ್ಕೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

"ಆಗಲಿ ಬಿಡಿ" ಅಂದಳು. ಅಮ್ಮನ ದನಿ ಇಷ್ಟು ಸಣ್ಣಗಾಗಿದ್ದನ್ನು ಅಳಿಲು ಯಾವತ್ತೂ ಕೇಳಿರಲಿಲ್ಲ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸಿಮೆಂಟ್ ಬಂದರೆ ಎಲ್ಲ ಮುಚ್ಚಿಹೋಗುತ್ತದೆ. ಅವಳು ಅಮ್ಮನ ಕೈಯಲ್ಲಿದ್ದ ಚಕ್ಕೆಯನ್ನು ನೋಡಿದಳು.

"ಅಪ್ಪಾ, ಫೋನ್ ಮಾಡ್ಬೇಡ. ಮಣ್ಣಿಂದೇನೂ ತಪ್ಪಿಲ್ಲ."

ಇಬ್ಬರೂ ಅವಳತ್ತ ತಿರುಗಿದರು.

"ಶುಕ್ರವಾರ ನಾನು ನೋಡ್ಲೇ ಇಲ್ಲ. ಸೈಕಲ್ ಆಡ್ತಿದ್ದೆ. ನಾಲ್ಕು ಅಂತ ಸುಮ್ನೆ ಬರೆದೆ. ಚೆನ್ನಾಗಿರೋದು ಆರನೇದು."

ಅಪ್ಪನ ಮುಖ ಕೆಂಪಾಯಿತು. "ನೋಡ್ದೇನೇ ಬರೆದ್ಯಾ? ನೀನು ಬರೆದಿದ್ದೀಯ ಅಂತ ನಾವು ಒಂದು ಸಲಾನೂ ಹೋಗಿ ನೋಡ್ಲಿಲ್ಲ! ಎರಡು ದಿನ ಮಣ್ಣು ತುಳಿದು ನಿಮ್ಮಮ್ಮನ ಕಾಲು ಊದಿತ್ತು, ಗೊತ್ತಾ?"

ಅಳಿಲಿಗೆ ಅಳು ಬಂತು. ಬೈದದ್ದಕ್ಕಲ್ಲ. ಹೋಗಿ ನೋಡ್ಲಿಲ್ಲ ಅಂದನಲ್ಲ, ಅದಕ್ಕೆ.

ಅಮ್ಮ ಆರನೇ ಚೌಕ ನೋಡಲು ಹಿಂದಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಅಂಗೈ ಒರೆಸಿಕೊಳ್ಳುತ್ತ ಬಂದಳು. ಕೈಯಲ್ಲಿದ್ದ ಚಕ್ಕೆಯನ್ನು ಬಾಂಡ್ಲಿಗೆ ಹಾಕಿ, ಒಂದು ಚೊಂಬು ನೀರು ಸುರಿದಳು. ಚಕ್ಕೆ ಗುಳುಗುಳು ಅನ್ನುತ್ತ ನೀರು ಕುಡಿಯಿತು. ಅಂಚು ಕರಗಿತು, ಆಮೇಲೆ ನಡುಭಾಗವೂ ಕುಸಿಯಿತು. ಕೊನೆಗೆ ಬಾಂಡ್ಲಿಯಲ್ಲಿ ಬರೀ ಕೆಸರು ಉಳಿಯಿತು.

"ಸಿಮೆಂಟ್ ಆಗಿದ್ರೆ ಒಡೆದು ಬಿಸಾಕ್ಬೇಕಿತ್ತು" ಅಂದಳು ಅಮ್ಮ. ದನಿ ಮೊದಲಿನಂತಾಗಿತ್ತು. "ಇದನ್ನ ಕೆರೆದು, ನೆನೆಹಾಕಿ, ಆರನೇದರಷ್ಟು ಮರಳು ಸೇರಿಸಿದ್ರಾಯ್ತು. ಬಿಚ್ಚಿ ಹೊಲಿಯೋದು ನನಗೇನು ಹೊಸದಾ?"

ಅಪ್ಪ ಫೋನನ್ನು ಜೇಬಿಗೆ ಹಾಕಿಕೊಂಡ. ಅವನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಚಿಕ್ಕ ಕರಣೆಯನ್ನು ಹುಡುಕಿ ಮಗಳ ಕೈಗೆ ಕೊಟ್ಟ. "ಕೆಳಗಿಂದ ನೀನು ಕೆರಿ. ಮೇಲಿಂದ ನಾನು."

ಆ ವಾರವೆಲ್ಲ ಕೆರೆಯುವುದು, ತುಳಿಯುವುದು. ಈ ಸಲ ಹೆಚ್ಚು ತುಳಿದವಳು ಅಳಿಲು. ಮೊಣಕಾಲವರೆಗೆ ಮಣ್ಣು, ಮೂಗಿನ ಮೇಲೂ ಮಣ್ಣು. ಭಾನುವಾರ ಬಂದ ತಾತ, "ಮೇಡಂ ಅವರನ್ನೂ ಗೋಡೆಗೆ ಬಳಿಯೋದಾ?" ಅಂತ ರೇಗಿಸಿದರು. ಹೊಸ ಹದದಲ್ಲಿ ಮುಂದಿನ ಗೋಡೆಯ ಮೇಲೆ ಒಂದು ದೊಡ್ಡ ಚೌಕ ಬಳಿದು, ಬುಕ್ಕನ್ನು ಮತ್ತೆ ಅವಳ ಕೈಗೇ ಕೊಟ್ಟರು.

ಅವಳು ಹಳೇ ಪುಟ ತೆರೆದಳು. ಶುಕ್ರವಾರದ ಮುಂದಿದ್ದುದನ್ನು ಹೊಡೆದು ಹಾಕಿ, "ನೋಡಿಲ್ಲ" ಅಂತ ಬರೆದಳು.

ಗುರುವಾರ ಸಾಯಂಕಾಲ ಅಪ್ಪ ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದ. ಯೂನಿಫಾರ್ಮಿನ ತೋಳು ಮಡಚಿ, ಕರಣೆ ಹಿಡಿದು ಸಿದ್ಧನಾದ.

"ಏನಂತೆ ಚೌಕ? ಶುರು ಮಾಡಬಹುದಾ?"

ಅಳಿಲು ಮತ್ತೊಮ್ಮೆ ಹೋಗಿ ಮುಟ್ಟಿ ನೋಡಿದಳು. ಮೂರು ಮೂಲೆ ಒಣಗಿತ್ತು. ಕಿಟಕಿಯ ಕೆಳಗಿನ ಮೂಲೆ ಬೆರಳಿಗೆ ತಣ್ಣಗೆ ತಾಗಿತು. ಎಲ್ಲೂ ಬಿರುಕಿರಲಿಲ್ಲ. ಇನ್ನು ಬರುವುದೂ ಇಲ್ಲ ಅಂತ ಅವಳಿಗೆ ಅನ್ನಿಸಿತು. ಪೆನ್ಸಿಲ್ ಎತ್ತಿದವಳು, "ಬಿರುಕಿಲ್ಲ" ಅಂತ ಬರೆಯಬೇಕಿದ್ದ ಸಾಲನ್ನು ಖಾಲಿ ಬಿಟ್ಟು ಬುಕ್ಕು ಮುಚ್ಚಿದಳು.

"ಒಂದು ಮೂಲೆ ಇನ್ನೂ ಹಸಿ ಇದೆ ಅಪ್ಪ. ನಾಳೆ ನೋಡಿ ಹೇಳ್ತೀನಿ."

ಅಪ್ಪ ಅವಳ ಮುಖ ನೋಡಿದ. ಗೋಡೆ ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿತ್ತು.

"ಸರಿ, ನೀನು ನೋಡಿ ಹೇಳಿದ ಮೇಲೇ ಶುರು ಮಾಡೋಣ" ಅಂದ. ಕರಣೆಯನ್ನು ಮೊಳೆಗೆ ತೂಗುಹಾಕಿ, ಕಾಲು ಚಾಚಿ ಹೊಸಿಲ ಮೇಲೆ ಕೂತ. ಗೋಡೆಯತ್ತ ತಿರುಗಿಯೂ ನೋಡಲಿಲ್ಲ.

ಅಳಿಲು ಬುಕ್ಕನ್ನು ಎದೆಗೆ ಅವುಚಿಕೊಂಡು ಬಂದು ಅವನ ಪಕ್ಕ ಕೂತಳು.