ಹತ್ತಕ್ಕೆ ಎಷ್ಟು?

"ಮುಟ್ಬ್ಯಾಡಿ ಮೇಡಂ! ನಿಮ್ ಕಾಲಿಗ್ ಬೀಳ್ತೀನಿ, ಮುಟ್ಬ್ಯಾಡಿ!"

ಆರಡಿ ಎತ್ತರದ ಗಂಡಸು ಹೀಗೆ ಕೂಗಿಕೊಂಡರೆ ನಗು ಬರದೇ ಇರುತ್ತದೆಯೇ? ಪ್ರೇಕ್ಷಾ ತುಟಿ ಕಚ್ಚಿ ತಡೆದುಕೊಂಡಳು.

ಚನ್ನರಾಯಪಟ್ಟಣದ ಆ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೇ. ಎದುರಿಗೆ ಕೂತವನು ಶಾಂತಿಗ್ರಾಮದ ರುದ್ರೇಶ. ಎಂಟು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುವವನು. ಬೈಕಿನಿಂದ ಬಿದ್ದು ಮುರಿದುಕೊಂಡ ಬಲ ಮಣಿಕಟ್ಟಿನ ಪ್ಲಾಸ್ಟರನ್ನು ಹಿಂದಿನ ದಿನ ಬಿಚ್ಚಿದ್ದರು.

"ಸುಮ್ನೆ ಹಿಡ್ಕೋತೀನಿ ಅಷ್ಟೇ. ಏನೂ ಮಾಡಲ್ಲ."

ಅವನ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು. ಒಂದು ನಿಮಿಷ... ಎರಡು ನಿಮಿಷ... ಬಿಗಿದುಕೊಂಡಿದ್ದ ಅವನ ಭುಜ ಸಡಿಲವಾಯಿತು. ಆಮೇಲೆ ನಿಧಾನಕ್ಕೆ ಮಣಿಕಟ್ಟು ಬಾಗಿಸಿದಳು.

"ಹತ್ತಕ್ಕೆ ಎಷ್ಟು ಹೇಳಿ?"

ರುದ್ರೇಶ ಅವಳ ಮುಖವನ್ನೇ ನೋಡಿದ. "ಹತ್ತಕ್ಕೆ ಹತ್ತು!"

ಅಯ್ಯೋ ದೇವರೇ! ಫಿಸಿಯೋಥೆರಪಿಯವರ ಲೆಕ್ಕದಲ್ಲಿ ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯಲಾಗದ ನೋವು. ಪಾಪ ಅನಿಸಿ, ಅವನ ಕಾರ್ಡಿನಲ್ಲಿ ಹತ್ತು ಎಂದು ಬರೆದುಕೊಂಡಳು.

ದಿನಾ ನಾಲ್ಕು ಗಂಟೆಗೆ ಬರುತ್ತಿದ್ದ. ಹಸುಗಳ ಕಥೆ ಹೇಳಿ ನಗಿಸುತ್ತಿದ್ದ. ಮೂರೂವರೆಯಿಂದಲೇ ಅವಳ ಕಣ್ಣು ಬಾಗಿಲ ಕಡೆ! ಆದರೆ ಆ ಹತ್ತು ಮಾತ್ರ ಇಳಿಯಲೇ ಇಲ್ಲ. ಎಷ್ಟು ಮೃದುವಾಗಿ ಹಿಡಿದರೂ ಹತ್ತಕ್ಕೆ ಹತ್ತು.

'ಇಷ್ಟವಾದವರು ಕೈ ಹಿಡಿದರೆ ನೋವು ಕಮ್ಮಿಯಾಗುತ್ತೆ ಅಂತ ಕಾಲೇಜಲ್ಲಿ ಓದಿದ್ದೆ... ಹಾಗಾದ್ರೆ ಇವರಿಗೆ ನಾನು ಇಷ್ಟವೇ ಇಲ್ವಾ?'

ಎರಡನೇ ವಾರ, ಮನಸ್ಸು ಗಟ್ಟಿ ಮಾಡಿಕೊಂಡು ಅವನನ್ನು ಕ್ಲಿನಿಕ್‌ನ ಹಿರಿಯರಾದ ಷಡಕ್ಷರಿ ಸಾರ್‌ಗೆ ಒಪ್ಪಿಸಿದಳು. ಸಂಜೆ ಕಾರ್ಡ್ ನೋಡಿದರೆ... ಎರಡು!

ಬಾತ್‌ರೂಮಿಗೆ ಹೋಗಿ ಚೆನ್ನಾಗಿ ಅತ್ತಳು ನಮ್ಮ ಹುಡುಗಿ.

ಮಾರನೇ ದಿನದಿಂದ ರುದ್ರೇಶ ಬರಲೇ ಇಲ್ಲ. ನಾಲ್ಕು ದಿನ ಕಳೆಯಿತು. ಹೀಗೇ ಬಿಟ್ಟರೆ ಮಣಿಕಟ್ಟು ಬಿಗಿದುಹೋಗುತ್ತದೆ, ಮತ್ತೆ ಹಾಲು ಕರೆಯುವ ಮಾತೇ ಇಲ್ಲ. ಐದನೇ ದಿನ, ಹಾಸನದ ಮನೆಗೆ ಹೊರಟಿದ್ದವಳು ಶಾಂತಿಗ್ರಾಮದಲ್ಲೇ ಬಸ್ಸಿಳಿದು ಅವನ ಮನೆ ಕೇಳಿಕೊಂಡು ಹೋದಳು.

ಕೊಟ್ಟಿಗೆಯಲ್ಲಿ ಅವನ ತಾಯಿ ನೀಲಾಂಬಿಕೆ ಹಸುವಿನ ಜೊತೆ ಒದ್ದಾಡುತ್ತಿದ್ದರು.

"ನೋಡವ್ವ, ಬ್ಯಾರೆಯವ್ರ ಕೈ ತಾಕಿದ್ರೆ ಈ ಗೌರಿ ಹಾಲೇ ಬಿಡಾಕಿಲ್ಲ. ಇವನೇ ಬೇಕು!"

ಪಕ್ಕದಲ್ಲಿ ನಿಂತಿದ್ದ ರುದ್ರೇಶ ತಲೆ ತಗ್ಗಿಸಿದ.

"ಯಾಕೆ ಬರ್ಲಿಲ್ಲ?" ಪ್ರೇಕ್ಷಾ ಕೇಳಿದಳು.

"ನೀವೇ ಬ್ಯಾಡ ಅಂತ ಇನ್ನೊಬ್ರಿಗೆ ದಾಟಿಸ್ಬುಟ್ರಲ್ಲ..."

"ಮತ್ತಿನ್ನೇನ್ ಮಾಡ್ಲಿ? ನನ್ ಕೈಯಲ್ಲಿ ಹತ್ತು ನೋವು, ಅವರ ಕೈಯಲ್ಲಿ ಎರಡೇ ನೋವು!"

"ನೋವಾ?" ಅವನು ಬಾಯಿ ಬಿಟ್ಟುಕೊಂಡು ನಿಂತ. "ನೋವು ಅಂತ ನೀವೆಲ್ಲಿ ಕೇಳಿದ್ರಿ? ಹತ್ತಕ್ಕೆ ಎಷ್ಟು ಅಂದ್ರಿ... ನಾನು ನಿಮ್ ಕೈಗೆ ಮಾರ್ಕ್ಸ್ ಕೊಟ್ಟೆ!"

"ಮಾರ್ಕ್ಸಾ?!"

"ಊಂ. ಆ ಸಾರ್ ಹಿಡಿದ್ರೆ ಜೀವ ಓಗಿ ಬತ್ತದೆ. ಎರಡು ಕೊಟ್ಟಿದ್ದೇ ಎಚ್ಚು!"

ನೀಲಾಂಬಿಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಚೆಂದಾಗದೆ ನಿಮ್ ಪರೀಕ್ಷೆ! ಕಾಫಿ ತತ್ತೀನಿ, ಇರವ್ವ" ಎಂದು ಒಳಗೆ ಹೋದರು.

ಪ್ರೇಕ್ಷಾಳಿಗೆ ನಗುವೂ ಬಂತು, ಅಳುವೂ ಬಂತು. ಬಿಡಿಸಿ ಕೇಳದೇ ಹೋದದ್ದು ತನ್ನದೇ ತಪ್ಪು. ಅವನ ಕೈಯನ್ನು ಎರಡೂ ಅಂಗೈಗಳ ನಡುವೆ ತೆಗೆದುಕೊಂಡಳು.

"ಈಗ ಸರಿಯಾಗಿ ಹೇಳಿ. ನೋವು ಎಷ್ಟು?"

"ನೀವು ಬರೋಗಂಟ ಎಂಟು. ಈಗ... ಒಂದು."

"ಕೈ ಬಿಟ್ರೆ?"

"ಬಿಡ್ಬ್ಯಾಡಿ!"

ಮುಟ್ಬ್ಯಾಡಿ ಎಂದು ಕೂಗಿದ್ದ ಮಹಾರಾಯ ಇವನೇ ನೋಡಿ!

"ಎಷ್ಟು ದಿನ ಹೀಗೇ ಹಿಡ್ಕೊಂಡಿರ್ಲಿ?"

"ನಾನು ಇರೋಗಂಟ..." ಅವನು ಕಣ್ಣೆತ್ತಿ ಅವಳನ್ನು ನೋಡಿದ. "ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ, ಪ್ರೇಕ್ಷಾ."

ಮೇಡಂ ಅನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳ ಕೆನ್ನೆ ಬಿಸಿಯಾಯಿತು. ಕೈ ಮಾತ್ರ ಬಿಡಲಿಲ್ಲ.

"ಈ ಮಾತಿಗೆ ಹತ್ತಕ್ಕೆ ಎಷ್ಟು ಕೊಡ್ತೀರಾ?" ಎಂದು ಮೆಲ್ಲಗೆ ಕೇಳಿದ.

"ಒಂಬತ್ತು."

"ಒಂದು ಯಾಕ್ ಕಟ್ ಮಾಡಿದ್ರಿ?"

"ನಾಲ್ಕು ದಿನ ಅಳಿಸಿದ್ರಲ್ಲ, ಅದಕ್ಕೆ!"