ಆನೆಲಾಯಕ್ಕೆ ಸುಣ್ಣ ಹಚ್ಚಿದವರು

2025ರ ಮೇ 15, ಗುರುವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಆಲಮಟ್ಟಿ ಠಾಣೆಗೆ ಬಂದ ದೂರು ಕಳವಿನದಲ್ಲ, ಹೊಡೆದಾಟದ್ದೂ ಅಲ್ಲ. ಯಾರೋ ಒಂದು ಗೋಡೆಗೆ ಸುಣ್ಣ ಹಚ್ಚಿಬಿಟ್ಟಿದ್ದರು.

ದೂರುದಾರ ಚೇತನಕುಮಾರ, ವಯಸ್ಸು ನಲವತ್ತೊಂದು, 'ಮರುಸಾಗರ ಸಫಾರಿ'ಯ ಮಾಲೀಕ. ಕೃಷ್ಣೆಯ ಹಿನ್ನೀರಿನಲ್ಲಿ ಮೂರು ದಿನದ ಬೋಟ್ ಪ್ರವಾಸ ನಡೆಸುತ್ತಿದ್ದ. ಬೇಸಿಗೆಯಲ್ಲಿ ನೀರು ಇಳಿದಾಗ ದಂಡೆಯುದ್ದಕ್ಕೂ ಹುಲ್ಲುಕಡ್ಡಿಯೂ ಇಲ್ಲದ ಬಯಲು ತೆರೆದುಕೊಳ್ಳುತ್ತದಲ್ಲ, ಅದನ್ನೇ ಆತ ಮರುಭೂಮಿ ಎಂದು ಮಾರುತ್ತಿದ್ದ. ಎರೆಮಣ್ಣಿನ ಮರುಭೂಮಿಯನ್ನು ಜನ ನಂಬಬೇಕಲ್ಲ, ಅದಕ್ಕೆ ಎಲ್ಲಿಂದಲೋ ಒಂದು ಒಂಟೆಯನ್ನು ತಂದು ದಂಡೆಗೆ ಕಟ್ಟಿದ್ದ. ಅದು ಜಾಲಿಮುಳ್ಳು ತಿಂದು ದುಂಡಗಾಗಿತ್ತು.

ಪ್ರವಾಸದ ಮುಖ್ಯ ಆಕರ್ಷಣೆ ಬೆಣಚಗಡ್ಡಿ. ಆಣೆಕಟ್ಟು ತುಂಬಿದಾಗ ಮುಳುಗಿದ ಊರು ಅದು. ವರ್ಷದಲ್ಲಿ ಮೂರು ತಿಂಗಳು ನಡುಗಡ್ಡೆಯಾಗಿ ಮೇಲೇಳುತ್ತದೆ. ಅಲ್ಲಿ ಒಂದು ಕಲ್ಲಿನ ಗುಡಿ ಇದೆ, ನಿಜಕ್ಕೂ ಬಹಳ ಹಳೆಯದು. ಅದರಾಚೆ, ದಿನ್ನೆಯ ಹಿಂದೆ, ಚೇತನಕುಮಾರನ ಮಾತಿನಲ್ಲಿ ಹೇಳುವುದಾದರೆ, ನಾನೂರೈವತ್ತು ವರ್ಷದ ಆದಿಲಶಾಹಿ ಆನೆಲಾಯ.

"ಸುಣ್ಣ ಹಚ್ಚಿದ್ದು ಯಾವಾಗ ನೋಡಿದ್ರಿ?" ಎಂದು ಕೇಳಿದಳು ಪಿಎಸ್‌ಐ ಶುಭಾ. ಇಂಡಿ ತಾಲೂಕಿನ ಹುಡುಗಿ, ಈ ಠಾಣೆಗೆ ಬಂದು ಇಪ್ಪತ್ತೆರಡು ದಿನವಾಗಿತ್ತು.

"ನಿನ್ನಿ ಸಂಜಿ ಐದಕ್ಕರಿ. ಮಂದೀನ ಕರಕೊಂಡು ಹೋಗೇನಿ, ಬೆಳ್ಳಗ ನಿಂತೈತಿ! ಮಂದಿ ಬಿದ್ದು ಬಿದ್ದು ನಕ್ಕರ್ರಿ ಮೇಡಮ್."

"ಅದಕ್ಕೂ ಮೊದಲ ಯಾವಾಗ ನೋಡಿದ್ರಿ?"

"ಹೋದ ಶನಿವಾರ. ಆವಾಗ ಕರ್ರಗ, ಛಲೋ ಇತ್ರಿ."

"ಯಾರ ಮ್ಯಾಲೆ ಸಂಶಯ?"

"ಮೀನು ಹಿಡಿಯವ್ರ ಮ್ಯಾಲ್ರಿ. ರಾತ್ರಿ ಬಂದು ಮಾಡ್ಯಾರ. ನಾ ಅಲ್ಲಿ ಬಲಿ ಹಾಕಬ್ಯಾಡ್ರಿ ಅಂದಿದ್ದೆ, ಅದರ ಸಿಟ್ಟು."

ಮುಳುಗಡೆಯ ಜಾಗವೆಲ್ಲ ಸರಕಾರದ್ದು. ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಕೃತ್ಯದ ಸ್ಥಳ ಎಂಬಲ್ಲಿ ದೂರುದಾರ ಹೇಳಿದಂತೆಯೇ 'ಪುರಾತನ ಆನೆಲಾಯ' ಎಂದು ಬರೆಯಲಾಯಿತು.

ಬೆಣಚಗಡ್ಡಿಗೆ ಹೋಗಲು ಬೇರೆ ಬೋಟ್ ಇರಲಿಲ್ಲ. ಹೀಗಾಗಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹದಿನಾಲ್ಕು ಪ್ರವಾಸಿಗರ ಜೊತೆ ಮೂವರು ಪೊಲೀಸರೂ ಸಫಾರಿ ಹೊರಟರು. ಶುಭಾ; ಇಪ್ಪತ್ತಾರು ವರ್ಷ ಸರ್ವಿಸಿನ ಹೆಡ್ ಕಾನ್‌ಸ್ಟೆಬಲ್ ಜನ್ನತಬಿ, ಮುದ್ದೇಬಿಹಾಳದವಳು; ಮತ್ತು ಸಿಂದಗಿ ತಾಲೂಕಿನ ದೇವಣಗಾಂವದ ಕಾನ್‌ಸ್ಟೆಬಲ್ ಮಾಳಿಂಗರಾಯ. ಮಾಳಿಂಗರಾಯ ಹತ್ತುವ ಮೊದಲು ಒಂಟೆಯ ಜೊತೆ ಫೋಟೊ ತೆಗೆಸಿಕೊಂಡ. ತನಿಖೆಗೆ ಬೇಕಾಗಬಹುದು ಎಂದ. ಶುಭಾ ಗದರಲು ಹೋಗಿ ನಕ್ಕುಬಿಟ್ಟಳು. ತಂಪು ಗಾಳಿ, ಎರಡೂ ಕಡೆ ಕಣ್ಣು ಹಾಯುವ ತನಕ ನೀರು. ಸರಕಾರಿ ಕೆಲಸದಲ್ಲಿ ಇಂಥ ದಿನಗಳೂ ಇರುತ್ತವೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸಂಜೆ ನಾಲ್ಕೂ ಕಾಲಿಗೆ ಸ್ಥಳ ಪಂಚನಾಮೆ ಶುರುವಾಯಿತು. ಪ್ರವಾಸಿಗರಲ್ಲೇ ಇಬ್ಬರು ಪಂಚರಾದರು. ಅವರಲ್ಲೊಬ್ಬರು ಸಾವಿತ್ರೀಬಾಯಿ, ಲಚ್ಯಾಣದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಶಿಕ್ಷಕಿ. ಪಂಚರೆಂದರೆ ಸುಮ್ಮನೆ ನಿಂತು ಸಹಿ ಹಾಕುವವರೆಂದು ಅವರಿಗೆ ಗೊತ್ತಿರಲಿಲ್ಲ; ಪ್ರತಿಯೊಂದನ್ನೂ ತಾವೇ ಮುಟ್ಟಿ ನೋಡಿದರು.

ಸೂರಿಲ್ಲದ ಒಂದೇ ಕೋಣೆ. ಮುಂದಿನ ಗೋಡೆ ಮತ್ತು ಒಳಗಿನ ಮೂರು ಗೋಡೆಗಳಿಗೆ ಆಳಿನ ಕೈಗೆ ಎಟಕುವಷ್ಟು ಎತ್ತರಕ್ಕೆ ಸುಣ್ಣ. ಕೆಳಗೆ ಗೇಣುದ್ದ ಕೆಮ್ಮಣ್ಣಿನ ಪಟ್ಟಿ, ದಾರ ಹಿಡಿದಂತೆ ನೆಟ್ಟಗೆ. ಹಿಂದಿನ ಗೋಡೆ ಮಾತ್ರ ಬಾಕಿ. ಶುಭಾ ಆ ಕೆಂಪು ಪಟ್ಟಿಯನ್ನೇ ಬಹಳ ಹೊತ್ತು ನೋಡಿದಳು. ಹಾಳು ಮಾಡಲು ಬಂದವರು ಅಂಚು ಬಳಿಯುವುದಿಲ್ಲ.

ಮಾಳಿಂಗರಾಯ ಟೇಪು ಹಿಡಿದು ಅಳತೆ ಹೇಳುತ್ತಿದ್ದ. "ಬಾಗಲಾ ಅಗಲ ಮೂರು ಅಡಿ ಎರಡು ಇಂಚ್ರಿ, ಮೇಡಮ್." ಬರೆದುಕೊಂಡದ್ದಾಯಿತು. ಅವನು ಟೇಪು ಸುತ್ತಲಿಲ್ಲ. "ಮೇಡಮ್, ಇದರಾಗ ಆನಿ ಹ್ಯಾಂಗ ಹೋಗ್ತಿತ್ರೀ?"

ಎಲ್ಲರೂ ಚೇತನಕುಮಾರನ ಕಡೆ ತಿರುಗಿದರು.

"ಮರಿ ಆನಿ ಲಾಯ ಇದ್ದೀತ್ರಿ," ಎಂದ ಆತ. "ಮ್ಯಾಲೆ ನೋಡ್ರಿ, ಸರಪಳಿ ಕಟ್ಟೂ ಕಬ್ಬಿಣದ ಕಡಿ ಇನ್ನೂ ಐತಿ."

ಬಾಗಿಲ ಮೇಲಿನ ಕಲ್ಲಿಗೆ ಕೈಬಳೆಯಷ್ಟು ದೊಡ್ಡ ಕಬ್ಬಿಣದ ಬಳೆಯೊಂದು ಜೋತುಬಿದ್ದಿತ್ತು. ಆನೆ ನಡೆದದ್ದೇ ದಾರಿ ಎನ್ನುತ್ತಾರೆ ನಿಜ. ಆದರೆ ಬಾಗಿಲ ಮೇಲೆ ಕಟ್ಟಿಸಿಕೊಳ್ಳುವ ಆನೆಯನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ.

ಜನ್ನತಬಿ ಅಷ್ಟರಲ್ಲಿ ಗೋಡೆಯನ್ನು ಅಂಗೈಯಿಂದ ಒರಸಿ ತಂದು ತೋರಿಸಿದಳು. ಕೈ ತುಂಬ ಬಿಳಿ ಪುಡಿ.

"ಇದು ರಾತ್ರಿ ಹಚ್ಚಿದ್ದಲ್ರಿ ಮೇಡಮ್. ತಂಪ ಹೊತ್ತಿನಾಗ ಹಚ್ಚಿದ್ರ ಸುಣ್ಣ ಕಲ್ಲ ಹಿಡೀತೈತಿ. ಉರಿಬಿಸಲಾಗ ಹಚ್ಚಿದ್ರ ಹಿಂಗ ಪುಡಿ ಪುಡಿ ಆಗಿ ಬರ್ತೈತಿ. ಇದಕ್ಕ ನಮ್ಮವ್ವನ ಕಡಿಂದ ಎಷ್ಟ ಸಲ ಬೈಸ್ಕೊಂಡೇನೋ!"

"ಮೀನು ಹಿಡಿಯವ್ರು ಹಗಲಿ ಬರ್ತಾರೇನು?"

"ಸಂಜಿಕ ಬಲಿ ಹಾಕ್ತಾರ, ನಸಿಕ್ಲೆ ತಗೀತಾರ. ಮೇ ತಿಂಗಳ ಬಿಸಲಾಗ ಈ ಗಡ್ಡಿ ಮ್ಯಾಲೆ ಯಾವ ಹುಚ್ಚ ಬರ್ತಾನ್ರಿ?"

ಹಾಗಾದರೆ ಹಗಲಲ್ಲಿ ಇಲ್ಲಿ ಉಳಿಯುವವರು ಯಾರು? ಉತ್ತರ ರಾತ್ರಿಯ ಊಟದ ಜೊತೆಗೇ ಬಂತು.

ಪ್ರವಾಸಿಗರು ರಾತ್ರಿ ತಂಗುವುದು ನಡುಗಡ್ಡೆಯ ಮೇಲೆಯೇ, ಗುಡಿಯ ಬಳಿ. ಸಫಾರಿಯ ಅಡುಗೆಯವಳು ಗುಂಡವ್ವ. ಐವತ್ತಾರರ ಗಟ್ಟಿ ಹೆಂಗಸು. ಅವಳು ಬಡಿದ ಬಿಸಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಗಾಗಿಯೇ ಜನ ಮತ್ತೆ ಮತ್ತೆ ಬರುತ್ತಾರೆ ಎಂಬುದು ಮಾಲೀಕನೂ ಒಪ್ಪುವ ಮಾತು. ರೊಟ್ಟಿ ಹಾಕಿದ ಕೈಯ ಬೆರಳ ತುದಿಗಳು ಒಡೆದು ಸೀಳಿದ್ದನ್ನು ಶುಭಾ ಕಂಡಳು.

"ಕೈಗೇನಾತು, ಗುಂಡವ್ವ?"

"ಮೆಣಸಿನಕಾಯಿ ಹೆಚ್ಚಿದ್ನಿರಿ, ಅಕ್ಕಾರ. ಇನ್ನೊಂದು ರೊಟ್ಟಿ ಹಾಕ್ಲ್ಯಾ?"

ಅವಳು ಆಚೆ ಹೋದಮೇಲೆ ಜನ್ನತಬಿ ರೊಟ್ಟಿ ಮುರಿಯುತ್ತ ಮೆಲ್ಲಗೆ ಹೇಳಿದಳು: "ಮೆಣಸಿನಕಾಯಿ ಉರೀತೈತ್ರಿ. ತೊಗಲು ಸೀಳೂದು ಸುಣ್ಣ."

ಶನಿವಾರ ಬೆಳಿಗ್ಗೆ ಆರಕ್ಕೆ ಬೋಟ್ ಎಂದಿನಂತೆ ರಾಜಹಂಸಗಳನ್ನು ನೋಡಲು ಹೊರಟಿತು. ಅಡುಗೆಗೆಂದು ಗುಂಡವ್ವ ಒಬ್ಬಳೇ ನಡುಗಡ್ಡೆಯಲ್ಲಿ ಉಳಿದಳು. ಪೊಲೀಸರೂ ಬೋಟ್ ಹತ್ತಿದರು. ಆಳವಿಲ್ಲದ ನೀರಿನಲ್ಲಿ ಸಾವಿರಾರು ಹಕ್ಕಿಗಳು ಒಮ್ಮೆಲೇ ಎದ್ದು ಆಕಾಶ ಗುಲಾಬಿಯಾದಾಗ ಶುಭಾ ಟೋಪಿ ತೆಗೆದು ಮಕ್ಕಳಂತೆ ಚಪ್ಪಾಳೆ ತಟ್ಟಿದಳು. ಆಮೇಲೆ ಟೋಪಿ ಹಾಕಿಕೊಂಡು ಬೋಟಿನ ಚಾಲಕ ಪರಮಾನಂದನ ಪಕ್ಕಕ್ಕೆ ಹೋಗಿ ನಿಂತಳು.

"ಅಡಗಿ ಸಾಮಾನು ಯಾರು ಏರಸ್ತೀರಿ?"

"ನಾನರಿ."

"ಹೋದ ಟ್ರಿಪ್ಪಿಗೆ ಎಷ್ಟ ಚೀಲ?"

"ಎರಡ್ರಿ. ಜ್ವಾಳದ ಹಿಟ್ಟು."

"ಈ ಮಂದಿಗೆ ಮೂರು ದಿನಕ್ಕ ಎಷ್ಟು ಬೇಕು?"

"ಒಂದು ಚೀಲಾ ಉಳದು ಹೋಗ್ತೈತ್ರಿ."

"ಮತ್ತ ಎರಡನೇದ್ದು?"

ಪರಮಾನಂದ ರಾಜಹಂಸಗಳನ್ನು ಬಹಳ ಲಕ್ಷ್ಯಕೊಟ್ಟು ನೋಡತೊಡಗಿದ. "ಹಿಟ್ಟಿಗಿಂತ ವಜ್ಜ ಇತ್ರಿ," ಎಂದ ಕೊನೆಗೆ. "ಆಕಿ ಹಿಟ್ಟು ಅಂದ್ಲು, ನಾನೂ ಹಿಟ್ಟು ಅಂದೆ."

ಎಂಟೂವರೆಗೆ ಆತನ ಚಿಕ್ಕ ತೆಪ್ಪದಲ್ಲಿ ಮೂವರೂ ನಡುಗಡ್ಡೆಯ ಹಿಂಬದಿಗೆ ಇಳಿದು ದಿನ್ನೆ ಹತ್ತಿದರು. ಸಮಯ ಒಂಬತ್ತೂ ಹತ್ತು. ಹಿಂದಿನ ಗೋಡೆಯ ಎದುರು ಸೆರಗು ಸಿಕ್ಕಿಸಿಕೊಂಡು, ಕತ್ತಾಳಿ ನಾರಿನ ಕುಂಚ ಹಿಡಿದು ನಿಂತಿದ್ದ ಗುಂಡವ್ವ ಬೂಟಿನ ಸದ್ದಿಗೆ ತಿರುಗಿ ನೋಡಿದಳು. ಬೆಚ್ಚಲಿಲ್ಲ, ಕುಂಚ ಕೆಳಗಿಡಲೂ ಇಲ್ಲ.

"ಬಂದ್ರ್ಯಾ? ಆ ಮೂಲಿ ಒಂದು ಉಳದೈತಿ. ಒಂದೀಟು ತಡೀರಿ."

"ಪೊಲೀಸರು ಬಂದಾರಂತ ಗೊತ್ತಿದ್ದೂ ಹಚ್ಚಾಕತ್ತೀರಲ್ಲ!" ಎಂದಳು ಶುಭಾ.

"ನೀವು ಆನಿಲಾಯ ನೋಡಾಕ ಬಂದೀರಿ. ನಾ ನಮ್ಮ ಸಾಲಿಗೆ ಸುಣ್ಣ ಹಚ್ಚಾಕತ್ತೇನಿ."

ಶಾಲೆ! ಮೂರಡಿಯ ಬಾಗಿಲು, ಮೇಲೆ ಬಳೆ. ಶುಭಾ ತಲೆ ಎತ್ತಿ ಅದನ್ನು ಮತ್ತೊಮ್ಮೆ ನೋಡಿದಳು.

"ಗಂಟಿ ಕಟ್ಟಿದ್ರೀ ಅದಕ," ಎಂದಳು ಗುಂಡವ್ವ. "ರೈಲ್ವೆ ಹಳಿ ತುಂಡು. ನಾ ಕೂಡ್ತಿದ್ದದ್ದು ಇಲ್ಲಿ, ಈ ಕಿಡಕಿ ಬಾಜೂಕ. ನಾಕನೇತ್ತಾ ತನಕ ಕಲ್ತೇನಿ. ಈ ಮಾಲಕ ವಾರಕ್ಕೆರಡು ಸಲ ಮೈಕ್ ಹಿಡದು ಆನಿಲಾಯ ಅಂತಾನ. ಅನ್ನಲಿ ಬಿಡು ಅಂತ ಸುಮ್ಮಕಿದ್ದೆ. ಹೋದ ತಿಂಗಳ ಒಬ್ಬಾಂವ ಮೂಗು ಮುಚ್ಕೊಂಡು, ಇನ್ನೂ ಲದ್ದಿ ವಾಸನಿ ಬರ್ತೈತಿ ಅಂದ. ಎಲ್ಲಾರೂ ನಕ್ಕರು. ನನಗ ತಡಕೊಳ್ಳಾಕ ಆಗಲಿಲ್ಲರಿ, ಅಕ್ಕಾರ."

"ಮಾಲಕಗ ಹೇಳಲಿಲ್ಲೇನು?"

"ಹೇಳಿದ್ನಿ. ಬದನಿಕಾಯಿ ಹೆಚ್ಚು ಹೋಗು ಅಂದ."

ಶುಭಾ ದಿನ್ನೆಯ ನೆರಳಲ್ಲಿ ಕೂತಳು. ಸುಣ್ಣದ ಬಕೀಟು, ಕುಂಚ, ಖಾಲಿ ಚೀಲ ಇವುಗಳ ಜಪ್ತಿ ಪಂಚನಾಮೆ ಆಗಬೇಕು; ಪಂಚರು ಬರುವುದು ಮಧ್ಯಾಹ್ನ. ಅಷ್ಟರಲ್ಲಿ ಆ ಮೂಲೆ ಮುಗಿದರೆ ಕಾನೂನಿಗೆ ಆಗುವ ಹೆಚ್ಚಿನ ನಷ್ಟವೇನೂ ಅವಳಿಗೆ ಕಾಣಲಿಲ್ಲ.

ಹನ್ನೆರಡಕ್ಕೆ ಪ್ರವಾಸಿಗರು ಬಂದರು, ಸುದ್ದಿ ಕೇಳಿದರು. ಯಾರೂ ಗುಡಿಯ ಕಡೆ ಹೋಗಲಿಲ್ಲ. ಸಾವಿತ್ರೀಬಾಯಿ ಜಪ್ತಿ ಪಂಚನಾಮೆಗೆ ಸಹಿ ಹಾಕಿ, ನೇರ ಕೋಣೆಯ ಮುಂಭಾಗಕ್ಕೆ ಹೋಗಿ ನಿಂತರು. ಮೂವತ್ತು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ?

"ಎಲ್ಲಾರೂ ಸಾಲಾಗಿ ಕುಂದರ್ರಿ. ಗುಂಡವ್ವ, ನಿನ್ನ ಜಾಗಾಕ್ಕ ನೀ ಕುಂದರು. ಎರಡೊಂದ್ಲೆ?"

"ಎರಡು!" ಎಂದಿತು ಕೋಣೆ.

ಸೊಲ್ಲಾಪುರದ ವಕೀಲರು, ಹುಬ್ಬಳ್ಳಿಯ ನವದಂಪತಿ, ಮಾಳಿಂಗರಾಯ, ಎಲ್ಲರೂ ನೆಲದಲ್ಲಿ ಕಾಲು ಮಡಚಿ ಕೂತು ಕೂಗಿದರು. ಕಿಟಕಿಯ ಪಕ್ಕ ಕೂತ ಗುಂಡವ್ವನ ದನಿ ಎಲ್ಲಕ್ಕಿಂತ ಮೇಲಿತ್ತು. ಹತ್ತರ ಮಗ್ಗಿಗೆ ಬರುವಷ್ಟರಲ್ಲಿ ನಕ್ಕು ನಕ್ಕು ಅರ್ಧ ಜನಕ್ಕೆ ಕೆಮ್ಮು ಬಂದಿತ್ತು. ಹೊರಗೆ ಮೈಕು ಹಿಡಿದು ನಿಂತಿದ್ದ ಚೇತನಕುಮಾರ ಮೆಲ್ಲಗೆ ಬಾಗಿಲಿಗೆ ಬಂದ. ಜನರ ಮುಖಗಳನ್ನು ನೋಡಿದ. ವ್ಯಾಪಾರ ಬಲ್ಲವನು.

"ಗುಂಡವ್ವ, ಆ ಗಂಟಿ ಈಗ ಎಲ್ಲೈತಿ?" ಎಂದು ಕೇಳಿದ.

ಮರುದಿನ ಮೇ 18, ಭಾನುವಾರ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಎಲ್ಲರೂ ಠಾಣೆಯಲ್ಲಿದ್ದರು. ಚೇತನಕುಮಾರ ದೂರು ಹಿಂದಕ್ಕೆ ಬೇಕು ಎಂದ.

"ಎಫ್‌ಐಆರ್ ಆಗೇತಿ. ಹರದು ಒಗಿಯಾಕ ಅದೇನು ಬಸ್ ಟಿಕೀಟಲ್ರಿ," ಎಂದಳು ಶುಭಾ. "ಬಂಧನ ಆಗಬೇಕು, ಜಾಮೀನ ಮ್ಯಾಲೆ ಬಿಡಬೇಕು. ಉಳದದ್ದು ಕೋರ್ಟ್ ನೋಡ್ಕೊಂತೈತಿ."

"ಹಂಗಾರ ಜಾಮೀನು ನಾನ ಆಗ್ತೇನ್ರಿ. ಮಂಗಳವಾರ ಮತ್ತ ಟ್ರಿಪ್ ಐತಿ. ರೊಟ್ಟಿ ಯಾರು ಬಡೀಬೇಕು?"

ದೂರು ಕೊಟ್ಟವನೇ ಜಾಮೀನಾದದ್ದನ್ನು ಜನ್ನತಬಿ ತನ್ನ ಇಪ್ಪತ್ತಾರು ವರ್ಷದಲ್ಲಿ ಕಂಡಿರಲಿಲ್ಲ. ಅವಳೇ ಬಂಧನ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದಳು. "ಬೆಣಚಗಡ್ಡಿಯಲ್ಲಿರುವ ಪುರಾತನ ಆನೆಲಾಯದ ಗೋಡೆಗೆ..."

"ನಿಂದರ್ರಿ," ಎಂದಳು ಗುಂಡವ್ವ. "ಏನಂದ್ರಿ? ಆನಿಲಾಯ?"

"ದೂರಿನಾಗ ಹಂಗ ಐತವ್ವ."

"ಸುಣ್ಣ ಹಚ್ಚಿದ್ದು ನಾನ. ಹಿಡೀರಿ, ಜೇಲಿಗೆ ಹಾಕ್ರಿ. ಸುಳ್ಳಿಗೆ ಮಾತ್ರ ನಾ ಒಪ್ಪಂಗಿಲ್ಲ." ಅವಳು ಬಂಧನ ಪತ್ರದ ಮೇಲೆ ಬೆರಳಿಟ್ಟಳು. "ಮುಂದಿನ ತಿಂಗಳ ನೀರು ಬರ್ತಾವ, ಸುಣ್ಣ ತೊಳಕೊಂಡು ಹೋಗ್ತೈತಿ. ನಿಮ್ಮ ಕಾಗದ ಉಳೀತೈತ್ರಿ, ಅಕ್ಕಾರ."

ಶುಭಾ ಆ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. ಎಫ್‌ಐಆರ್ ತಿದ್ದಲು ಬರುವುದಿಲ್ಲ. ಮುಂದಿನ ಕಾಗದಗಳಲ್ಲಿ ಸತ್ಯ ಬರೆಯಬಹುದು, ಆದರೆ ಆಧಾರ ಬೇಕು. ಅವಳು ಮುಳುಗಿದ ಬೆಣಚಗಡ್ಡಿಯವರ ಪುನರ್ವಸತಿ ಕೇಂದ್ರದ ಶಾಲೆಯ ಹೆಡ್‌ಮಾಸ್ತರರಿಗೆ ಫೋನ್ ಮಾಡಿದಳು. ರಜೆಯ ಭಾನುವಾರವಾದರೂ ಅವರು ಮುಕ್ಕಾಲು ಗಂಟೆಯಲ್ಲಿ ಹಳೆಯ ದಾಖಲಾತಿ ರಜಿಸ್ಟರನ್ನು ಟವೆಲಿನಲ್ಲಿ ಸುತ್ತಿ ಮೋಟರ್‌ಸೈಕಲ್ ಮೇಲೆ ತಂದರು. ಮೊದಲ ಪುಟ: ಬೆಣಚಗಡ್ಡಿ ಶಾಲಾ ಕಟ್ಟಡ, ಊರವರ ಶ್ರಮದಾನ, 1966. ಒಳಗೆ 212ನೇ ಸಂಖ್ಯೆ: ಗುಂಡವ್ವ, ಪ್ರವೇಶ 1975. ಶುಭಾ ಆ ಎರಡೂ ಪುಟಗಳ ಪ್ರತಿ ತೆಗೆದು ಫೈಲಿಗೆ ಸೇರಿಸಿ, ಹೊಸ ಬಂಧನ ಪತ್ರ ಬರೆದಳು. 'ದೂರಿನಲ್ಲಿ ಆನೆಲಾಯವೆಂದು ಹೇಳಲಾದ, ವಾಸ್ತವದಲ್ಲಿ ಸರಕಾರಿ ಕಿರಿಯ ಪ್ರಾಥಮಿಕ ಶಾಲೆ, ಬೆಣಚಗಡ್ಡಿ.'

"ಇನ್ನೊಮ್ಮೆ ಓದ್ರಿ," ಎಂದಳು ಗುಂಡವ್ವ. ಶುಭಾ ಇನ್ನೊಮ್ಮೆ ಓದಿದಳು.

ಸಂಜೆ ನಾಲ್ಕೂ ಹತ್ತಕ್ಕೆ ಬಂಧನ ಜಾರಿಯಾಯಿತು. ಮಾಳಿಂಗರಾಯ ರೂಢಿಯಂತೆ ಹೆಬ್ಬೆಟ್ಟಿನ ಮಸಿಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಸರಿಸಿದ. ಗುಂಡವ್ವ ಅದನ್ನು ಒಂದೇ ಬೆರಳಿನಿಂದ ಹಿಂದಕ್ಕೆ ದೂಡಿ ಪೆನ್ನು ಕೇಳಿದಳು. ಒಡೆದ ಬೆರಳುಗಳಲ್ಲಿ ಪೆನ್ನು ಹಿಡಿದು, ದುಂಡಗೆ, ಗೆರೆಯ ಮೇಲೆ ಕೂರುವಂತೆ, ಸಾವಕಾಶವಾಗಿ ತನ್ನ ಹೆಸರು ಬರೆದಳು. ಹೆಡ್‌ಮಾಸ್ತರರು ಬಗ್ಗಿ ನೋಡಿ, ಅಕ್ಷರ ಚೆಂದ ಅವ ಎಂದರು.

"ಆನಿಲಾಯದಾಗ ಕಲ್ತದ್ದರೀ," ಎಂದು ಗುಂಡವ್ವ ನಕ್ಕಳು. ಚೇತನಕುಮಾರನೂ ತಲೆ ತಗ್ಗಿಸಿಕೊಂಡೇ ನಕ್ಕ.

ಜಾಮೀನಿನ ಕಾಗದ ಮುಗಿದು ಅವಳು ಮೆಟ್ಟಿಲಿಳಿಯುವಾಗ ಶುಭಾ ಕೇಳಿದಳು: "ತಿಂಗಳೊಪ್ಪತ್ತಿನಾಗ ಮುಳಗತೈತಿ ಅಂತ ಗೊತ್ತಿತ್ತು. ಆದ್ರೂ ಯಾಕ ಹಚ್ಚಿದ್ರಿ, ಗುಂಡವ್ವ?"

ಗುಂಡವ್ವನಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಸಣ್ಣವಳಿದ್ದಾಗ ಪ್ರತಿ ಮೇ ತಿಂಗಳಲ್ಲಿ ಶಾಲೆಯ ಸುಣ್ಣ ಕಲಸಲು ಹೊಳೆಯಿಂದ ನೀರು ಹೊತ್ತು ತಂದವಳು ಅವಳು. ಅವಳು ಕೊಟ್ಟ ಉತ್ತರವನ್ನು ಶುಭಾ ಒಳಗೆ ಬಂದು, ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ ಹಾಗೆಯೇ ಬರೆದಳು: ಜೂನ್ ಒಂದಕ್ಕೆ ಶಾಲೆ ಶುರು, ಅದಕ್ಕೂ ಮೊದಲು ಸುಣ್ಣ ಹಚ್ಚುವುದು ವಾಡಿಕೆ.