ರಾವ್ ಅಂದನಲ್ಲ ಅವನು!

"ಯಾರ್ರೀ ಅದು ಚಪ್ಪಾಳೆ ಹೊಡದದ್ದು?!"

ನಾಗಶ್ರೀಯ ಎರಡೂ ಕೈ ಗಾಳಿಯಲ್ಲೇ ನಿಂತವು.

ಮಬ್ಬುಗತ್ತಲ ನೆಲಮಾಳಿಗೆಯ ಮೂಲೆಯಿಂದ ಒಬ್ಬ ದಡಕ್ಕನೆ ಎದ್ದು ಬಂದ. ತಲೆಗೆ ದೊಡ್ಡ ಹೆಡ್‌ಫೋನು, ಬೆರಳ ತುಂಬ ತಬಲಾದ ಬಿಳಿ ಪುಡಿ, ಮುಖದ ತುಂಬ ಸಿಟ್ಟು!

"ಬೆಳಿಗ್ಗೆಯಿಂದ ಇದು ಐದನೇ ಸಲ ರೆಕಾರ್ಡ್ ಮಾಡೂದು. ಇನ್ನರ್ಧ ನಿಮಿಷ ಆಗಿದ್ರೆ ಮುಗೀತಿತ್ತು. ಎಲ್ಲಾ ಹಾಳು ಮಾಡಿದ್ರಿ!"

"ನಾ... ಕೋಣೆ ನೋಡೂಕೆ ಬಂದದ್ದು."

"ಕೋಣೆ ನೋಡೂಕೆ ಕಣ್ಣು ಸಾಕು. ಚಪ್ಪಾಳೆ ಎಂತಕ್ಕೆ?"

"ಶಬ್ದ ಹ್ಯಾಂಗೆ ತಿರುಗಿ ಬತ್ತದೆ ಅಂತ ಕಣ್ಣಿಗೆ ಕಾಣೂದಿಲ್ಲ, ಅದ್ಕೆ!"

ಅವನು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿದ.

'ಅಬ್ಬಾ, ಏನು ಸಿಡುಕಪ್ಪ ಇವನದು! ಕಣ್ಣು ಮಾತ್ರ... ಛೆ, ಇವನ ಕಣ್ಣು ಕಟ್ಟಿಕೊಂಡು ನನಗೇನು?' ಅಂದುಕೊಂಡಳು ನಾಗಶ್ರೀ, ಚೀಲದಿಂದ ಟೇಪು ತೆಗೆಯುತ್ತ.

ಅವಳು ಅಂಕೋಲೆಯ ಬೊಬ್ರುವಾಡದವಳು. ಗುತ್ತಿಗೆದಾರ ರಾಮನಾಥರ ಬಳಿ ಮನೆಗಳ ಪ್ಲಾನು ಬರೆಯುವ ಕೆಲಸ. "ಶಿರವಾಡದಲ್ಲಿ ಒಬ್ಬ ನಿತೇಶ ಅಂತ. ಬಂದರು ಆಫೀಸಲ್ಲಿ ಕ್ಲಾರ್ಕು, ಸಂಜೆ ತಬಲಾ. ಮನೆ ಕೆಳಗೆ ಸ್ಟುಡಿಯೋ ಮಾಡ್ಬೇಕಂತೆ, ಅಳತೆ ತಕಂಡು ಬಾ" ಎಂದು ಅವರೇ ಕಳಿಸಿದ್ದರು. ಹುಡುಗ ಹೀಗೆ ಹಾರಿ ಬೀಳುವವನು ಎಂದು ಅವರು ಹೇಳಿರಲಿಲ್ಲ.

ಗುಡ್ಡದ ಇಳಿಜಾರಿನ ಮನೆ. ಮೇಲೆ ವಾಸ, ಕೆಳಗೆ ಮೂರು ಕಡೆ ಮಣ್ಣಿನೊಳಗೆ ಹುದುಗಿದ ಈ ನೆಲಮಾಳಿಗೆ. ಅಲ್ಲಿ ತನ್ನ ಭಜನೆ ಮಂಡಳಿಯವರು ಕೂತು ತಾಲೀಮು ಮಾಡಬೇಕು, ಅಲ್ಲೇ ರೆಕಾರ್ಡಿಂಗೂ ಆಗಬೇಕು, ನೆರೆಮನೆಯವರು ಮತ್ತೆ ಜಗಳಕ್ಕೆ ಬರಬಾರದು... ಇಷ್ಟು ಅವನ ಆಸೆ. ಕಾರವಾರದ ರೈಲು ನಿಲ್ದಾಣ ಅಲ್ಲೇ ಪಕ್ಕದಲ್ಲಿ! ಗೋಡೆಯ ಮೇಲೆ ರೈಲುಗಳ ವೇಳೆಯನ್ನು ಕೈಯಲ್ಲಿ ಬರೆದು ಅಂಟಿಸಿದ್ದ. ಒಂದು ರೈಲಿಗೂ ಇನ್ನೊಂದು ರೈಲಿಗೂ ನಡುವೆ ಸಿಕ್ಕ ಹೊತ್ತಿನಲ್ಲಿ ಅವನ ರೆಕಾರ್ಡಿಂಗು.

"ಇದೆಂತದು?" ಗೋಡೆಗೆ ಅಂಟಿಸಿದ ಮೊಟ್ಟೆ ಟ್ರೇಗಳನ್ನು ತೋರಿಸಿ ಕೇಳಿದಳು. ಮಳೆಗಾಲದ ತೇವಕ್ಕೆ ಅವೆಲ್ಲ ಬೂಷ್ಟು ಹಿಡಿದಿದ್ದವು.

"ಶಬ್ದ ತಡೀತದೆ ಅಂತ ಮೊಬೈಲಲ್ಲಿ ನೋಡಿದ್ದೆ."

"ಇದು ತಡ್ಯೂದು ಮೊಟ್ಟೆ ಒಡಿಯೂದನ್ನ ಮಾತ್ರ!"

ಸಿಟ್ಟಿನ ಮುಖದಲ್ಲಿ ನಗು ಬಂದೇಬಿಟ್ಟಿತು. ಆ ನಗುವೇ ಮುಂದೆ ನಮ್ಮ ಹುಡುಗಿಯ ನಿದ್ದೆ ಕೆಡಿಸಿದ್ದು.

ಆಮೇಲೆ ಜಗಳವೋ ಜಗಳ! ಗುಡ್ಡದ ಕಡೆಯ ಗೋಡೆಯಿಂದ ಒಂದಡಿ ಬಿಟ್ಟು ಒಳಗೆ ಇನ್ನೊಂದು ಗೋಡೆ ಏಳಬೇಕು, ನಡುವೆ ನೀರು ಹರಿದುಹೋಗಲು ಕಾಲುವೆ, ನೆಲದಡಿ ರಬ್ಬರು, ಅದರ ಮೇಲೆ ಹಲಗೆ... ಒಟ್ಟಿನಲ್ಲಿ ಕೋಣೆಯೊಳಗೊಂದು ಕೋಣೆ. ಇದು ಅವಳ ಪ್ಲಾನು.

"ಆ ಬದಿ ಒಂದಡಿ, ಈ ಬದಿ ಒಂದಡಿ... ನಮ್ಮ ಮಂಡಳಿಯವ್ರು ಎಲ್ಲಿ ಕೂತ್ಕೊಳ್ಳೂದು? ನಿಮ್ಮ ಪೆನ್ಸಿಲ್ ನನ್ನ ಕೋಣೆ ತಿಂತಾ ಅದೆ ಮಾರಾಯ್ರೆ!"

"ಹಾಗಾದ್ರೆ ಜೂನಲ್ಲಿ ತಬಲಾ ನೀರಲ್ಲಿ ತೇಲ್ತದೆ. ಆಮೇಲೆ ನಂಗೆ ಫೋನ್ ಮಾಡ್ಬೇಡಿ."

"ಮಾಡ್ತೆ. ದಿನಾ ಮಾಡ್ತೆ."

ಅಂದವನೇ ನಾಲಿಗೆ ಕಚ್ಚಿಕೊಂಡ. ಅವಳು ಟೇಪಿನ ಅಂಕಿ ಓದುವವಳಂತೆ ತಲೆ ಬಗ್ಗಿಸಿದಳು. ಯಾವ ಅಂಕಿಯೂ ಕಾಣಲಿಲ್ಲ.

ವಾದದ ನಡುವೆ ದೂರದಲ್ಲಿ ರೈಲಿನ ಸದ್ದು ಕೇಳಿದರೆ ಸಾಕು, ಅವನು ಕೈ ಎತ್ತುತ್ತಿದ್ದ. "ರಾವ್, ರಾವ್!"

ಮಾತು ನಿಲ್ಲಿಸಬೇಕು. ರೈಲು ದಾಟುವವರೆಗೆ ಇಬ್ಬರೂ ಸುಮ್ಮನೆ. ಒಬ್ಬರ ಮುಖ ಒಬ್ಬರು ನೋಡುತ್ತ...

ಅವನದು ಕೊಂಕಣಿ ಮನೆ. ನಾಗಶ್ರೀಗೆ ಮೀನು ಪೇಟೆಗೆ, ಟೆಂಪೋಗೆ ಸಾಕಾಗುವಷ್ಟು ಕೊಂಕಣಿ ಬರುತ್ತಿತ್ತು. ರಾವ್ ಅಂದರೆ ನಿಲ್ಲು. ಟೆಂಪೋದವರು ದಿನಕ್ಕೆ ನೂರು ಸಲ ಕೂಗುವುದು ಅದನ್ನೇ ತಾನೆ?

ಕೊನೆಗೆ ಅವಳ ಪ್ಲಾನಿನಂತೆಯೇ ಕೆಲಸ ಶುರುವಾಯಿತು. ಒಂದು ಮಧ್ಯಾಹ್ನ, ಹಾಡುವವರು ಎಲ್ಲಿ ಕೂತರೆ ಸರಿ ಎಂದು ನೋಡಲು ಅವಳನ್ನೇ ನೆಲದ ಮೇಲೆ ಕೂರಿಸಿ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದ. ಮರುದಿನ ಗಾರೆಯವನು ಒರೆಸಲು ಹೋದರೆ, "ಅದು ಇರ್ಲಿ ಬಿಡೋ" ಎಂದು ಗದರಿದನಂತೆ. ಈ ಸುದ್ದಿಯನ್ನು ನಾಗಶ್ರೀಗೆ ಮುಟ್ಟಿಸಿದವಳು ಅವನ ತಾಯಿ ಹೀರಾಬಾಯಿ. ಚಾ ಲೋಟ ಕೈಗಿಡುತ್ತ, ಬೇಕೆಂತಲೇ!

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಪೆನ್ಸಿಲ್ಲಿನ ತುದಿ ಕಚ್ಚಿ ಕಚ್ಚಿ ಹಾಳಾಯಿತು. ಅಂಥದ್ದರಲ್ಲೇ ಗೋವಾದ ಮಡಗಾಂವಿನಿಂದ ಕಾಗದ ಬಂತು. ಎರಡು ವರ್ಷದಿಂದ ಕಾದಿದ್ದ ಒಳ್ಳೆಯ ಕೆಲಸ. ಸೋಮವಾರವೇ ಸೇರಬೇಕು!

ಖುಷಿಯಾಗಬೇಕಿತ್ತು. ಅವಳು ಮಾತ್ರ ಕಾಗದವನ್ನು ಮಡಚಿ ಮಡಚಿ ಚೀಲದ ತಳಕ್ಕೆ ತುರುಕಿದಳು.

'ಅವನಿಗೆ ನಾನು ಬರೀ ಪ್ಲಾನು ಬರೆಯುವವಳಾ, ಅಥವಾ...? ಹೋಗಬೇಡ ಅನ್ನುವುದು ಬೇಡ. ಬೇಜಾರಾಗ್ತದೆ ಅಂದರೂ ಸಾಕು ದೇವರೇ!'

ಶನಿವಾರ ಒಳಗಿನ ಕೋಣೆಯ ಪರೀಕ್ಷೆ. ಒಳಗಿನವರಿಗೂ ಹೊರಗಿನವರಿಗೂ ಮುಖ ಕಾಣಲೆಂದು ಬಿಟ್ಟ ಕಿಟಕಿಗೆ ಗಾಜು ಇನ್ನೂ ಬಂದಿರಲಿಲ್ಲ, ಅಲ್ಲಿಗೆ ದಪ್ಪ ಪ್ಲೈವುಡ್ ಬಡಿದಿದ್ದರು. ಮೈಕಿನ ಮುಂದೆ ಹೆಡ್‌ಫೋನು ಹಾಕಿಕೊಂಡು ಅವಳು ಒಳಗೆ. ಬಾಗಿಲಾಚೆ ಯಂತ್ರದ ಮುಂದೆ ಅವನು. ಅವನು ಗುಂಡಿ ಒತ್ತಿಕೊಂಡು ಮಾತಾಡಿದರೆ ಮಾತ್ರ ಇವಳ ಕಿವಿಗೆ ಬೀಳುತ್ತದೆ.

"ಎಂತಾದ್ರೂ ಮಾತಾಡಿ. ದನಿ ಹ್ಯಾಂಗೆ ಬತ್ತದೆ ನೋಡ್ತೆ."

ಮುಖ ಕಾಣುವುದಿಲ್ಲ ಎಂಬ ಧೈರ್ಯ ಅವಳಿಗೆ. ಹೇಳಿಯೇಬಿಟ್ಟಳು.

"ನಂಗೆ ಮಡಗಾಂವಲ್ಲಿ ಕೆಲ್ಸ ಸಿಕ್ಕದೆ. ಸೋಮವಾರ ಸೇರ್ಬೇಕು, ಅಲ್ಲೇ ರೂಮು ಮಾಡ್ತೆ. ಉಳಿದ ಕೆಲ್ಸ ರಾಮನಾಥರು ಮುಗಿಸ್ತ್ರು. ನಾ... ನಾ ಇನ್ನು ಬರೂದಿಲ್ಲ."

ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಳು.

ಆಮೇಲೆ ಒಂದೇ ಶಬ್ದ.

"ರಾವ್!"

ಅಷ್ಟೇ. ಇನ್ನೇನಾದರೂ ಅಂದಾನು ಎಂದು ಕಾದಳು. ಇಲ್ಲ. ಕಾಲಡಿಯ ಹಲಗೆ ಸಣ್ಣಗೆ ನಡುಗಿತು. ಗೂಡ್ಸ್ ರೈಲು!

'ಓ... ರೈಲು ಬಂತು, ಮಾತು ನಿಲ್ಲಿಸು ಅಂದದ್ದು! ನಾನು ಊರು ಬಿಟ್ಟು ಹೋಗ್ತೇನೆ ಅಂದರೂ ಇವನಿಗೆ ರೆಕಾರ್ಡಿಂಗಿನದೇ ಚಿಂತೆ!'

ಬಾಗಿಲಾಚೆ ಆ ಗಳಿಗೆಯಲ್ಲಿ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಈಗ ಇವಳ ಹಿಂದೆ ಹೋಗೋಣ, ಹೆಡ್‌ಫೋನು ಕಿತ್ತಿಟ್ಟು ಹೊರಟೇಬಿಟ್ಟಳು.

ಬಾಗಿಲು ತೆರೆದರೆ ಅವನು ಎದ್ದು ನಿಂತಿದ್ದ. ಮುಖದಲ್ಲಿ ರಕ್ತವೇ ಇಲ್ಲ. ಅವಳನ್ನೇ ನೋಡುತ್ತಿದ್ದ.

"ಹೋಗ್ತೆ ಹಾಗಾದ್ರೆ," ಅಂದಳು.

ಅವನು ಪಕ್ಕಕ್ಕೆ ಹೋಗಿ ದಾರಿ ಬಿಟ್ಟ. "...ಸರಿ."

ಸರಿಯಂತೆ! ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಉದ್ದಕ್ಕೂ ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ಕೂತ ಹೆಂಗಸು "ಕಣ್ಣಿಗೆ ಧೂಳು ಹೋಯ್ತಾ ತಂಗಿ?" ಅಂದಾಗ ಹೌದೆಂದು ತಲೆಯಾಡಿಸಿದಳು.

ಮಡಗಾಂವಿನಲ್ಲಿ ಕೆಲಸ ಚೆನ್ನಾಗಿತ್ತು. ಬಾಡಿಗೆ ಕೋಣೆಯೂ ಚೆನ್ನಾಗಿತ್ತು. ಚೆನ್ನಾಗಿಲ್ಲದಿದ್ದವಳು ಇವಳೇ. ದಿನಕ್ಕೆ ಹತ್ತು ಸಲ ಮೊಬೈಲು ನೋಡುವುದು, ಅವನ ಹೆಸರು ತೆಗೆಯುವುದು, ಮುಚ್ಚುವುದು. ವಾರ ಕಳೆಯುವುದರೊಳಗೆ ಸಾಕಾಗಿ, ಬೇರೆ ಕೋಣೆಗಾದರೂ ಹೋದರೆ ಮನಸ್ಸು ನಿಂತೀತೇನೋ ಎಂದು ಚೀಲ ಕಟ್ಟತೊಡಗಿದಳು.

ಮನೆಯೊಡತಿ ಅಜ್ಜಿ ಓಡಿ ಬಂದಳು. ಚೀಲ ಕಿತ್ತುಕೊಂಡು ಮಂಚದ ಮೇಲಿಟ್ಟಳು. ಇವಳ ಭುಜ ಹಿಡಿದು ಕೂರಿಸಿದಳು.

"ಹಾಂಗಾಚ್ ರಾವ್ ಗೋ ಬಾಯ್!"

ನಾಗಶ್ರೀ ಬೆಚ್ಚಿದಳು. ಕೂರಿಸಿದವಳು 'ಇಲ್ಲೇ ನಿಲ್ಲು' ಎಂದೇಕೆ ಅನ್ನುತ್ತಾಳೆ?

"ರಾವ್ ಅಂದ್ರೆ... ನಿಲ್ಲು ಅಂತ ಅಲ್ವಾ?" ತನಗೆ ಬಂದ ಹಿಂದಿಯಲ್ಲಿ ಕೇಳಿದಳು.

ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. ಗಾಡಿಗೆ ಹೇಳಿದರೆ ಅದು ನಿಲ್ಲು, ಮನುಷ್ಯರಿಗೆ ಹೇಳಿದರೆ ಇರು, ಬಿಟ್ಟು ಹೋಗಬೇಡ ಅಂತ... ತಾನೂ ಹರಕುಮುರುಕು ಹಿಂದಿಯಲ್ಲೇ ತಿಳಿಸಿದಳು.

ಬಿಟ್ಟು ಹೋಗಬೇಡ!

ನಾಗಶ್ರೀ ದಡಕ್ಕನೆ ಎದ್ದು ನಿಂತಳು. ಅಯ್ಯೋ ದೇವರೇ, ಅವನು ಅಂದದ್ದು...? ಮರುಗಳಿಗೆಯೇ ಅನುಮಾನ. ಅಂದು ರೈಲೂ ಬಂದಿತ್ತಲ್ಲ! ರೈಲು ಬಂತೆಂದು ಅಂದನೋ, ನನ್ನನ್ನೇ ಇರು ಅಂದನೋ?

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಕಾರವಾರದ ರೈಲು ಹತ್ತಿದಳು. ಗಂಟೆ ಹೊತ್ತಿನ ದಾರಿ. ಬಾಗಿಲ ಹತ್ತಿರ ನಿಂತಳು, ಸೀಟಿಗೆ ಬಂದಳು, ಮತ್ತೆ ಎದ್ದಳು. 'ನಗಾಡಿಬಿಟ್ಟರೆ? ನಿನಗ್ಯಾರು ಹೇಳಿದ್ದು ಅಂದುಬಿಟ್ಟರೆ? ಅಂದರೆ ಅನ್ನಲಿ. ತಿಳಿಯದೆ ಇರಲು ನನ್ನಿಂದಾಗದು!'

ಅಂಗಳದಲ್ಲಿ ಹೀರಾಬಾಯಿ ತಲೆಗೆ ಕೈ ಹೊತ್ತು ಕೂತಿದ್ದಳು.

"ಬಂದ್ಯಾ ಬಾಯ್! ನೋಡು ಅವನ ಅವತಾರ. ವಾರದಿಂದ ಕೆಳಗೆ ಇಳೀಲಿಲ್ಲ. ಗಾಜು ಬಂದು ಅಲ್ಲೇ ಬಿದ್ದದೆ. ಇವತ್ತು ಬೆಳಿಗ್ಗೆಯಿಂದ ಎಲ್ಲಾ ಬಿಚ್ತಾ ಇದ್ದಾನೆ. ಸ್ಟುಡಿಯೋನೇ ಬೇಡ ಅಂತೆ!"

"ಎಂತದು ಮಾವಶಿ?!"

ಉತ್ತರಕ್ಕೆ ಕಾಯಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಇಳಿದಳು. ನಿತೇಶ ಒಳಗೋಡೆಯ ಹಲಗೆಯಿಂದ ಸ್ಕ್ರೂ ತಿರುಗಿಸಿ ತೆಗೆಯುತ್ತಿದ್ದ.

"ಎಂತ ಮಾಡ್ತಾ ಇದ್ರಿ ನೀವು? ನಾ ಬರ್ದ ಪ್ಲಾನು ಅದು!"

ಅವನು ತಿರುಗಿದ. ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು.

"ಹೌದು. ನಿಮ್ದು, ಅದ್ಕೇ ಬಿಚ್ಚೂದು. ಒಳಗೆ ಕೂತ್ರೆ ಎಲ್ಲಿ ನೋಡಿದ್ರೂ ನೀವೇ. ಬೆರಳೇ ಏಳೂದಿಲ್ಲ ನಂಗೆ." ಬಗ್ಗಿ ಸ್ಕ್ರೂ ಹೆಕ್ಕಿಕೊಂಡ. "ಈಗ ಎಂತಕ್ಕೆ ಬಂದ್ರಿ?"

"ಒಂದು ಮಾತು ಕೇಳೂಕೆ. ಆ ದಿನ ರಾವ್ ಅಂದ್ರಲ್ಲ... ರೈಲು ಬಂತು ಅಂತಾ, ಇಲ್ಲ... ನಂಗಾ?"

"ರೈಲು? ಯಾವ ರೈಲು?"

"ಗೂಡ್ಸ್ ಬಂತಲ್ಲ ಆಗ!"

"ರೈಲು ಬಂದದ್ದೇ ನಂಗೆ ಗೊತ್ತಿಲ್ಲ!"

ಬರುವ ಹೋಗುವ ಒಂದೊಂದು ರೈಲನ್ನೂ ಬಾಯಿಪಾಠ ಮಾಡಿದವನಿಗೆ ಅಂದು ರೈಲೇ ಕೇಳಿಸಿರಲಿಲ್ಲ.

"ಇರು ಅಂದದ್ದು ನಿಮ್ಗೆ. ಮಡಗಾಂವಿಗೆ ಹೋಗು, ಕೆಲ್ಸ ಮಾಡು, ಆದ್ರೆ ನನ್ನ ಬಿಟ್ಟು ಹೋಗ್ಬೇಡ ಅಂತ ಪೂರಾ ಹೇಳಿದ್ದೆ. ಮುಗಿದ ಮೇಲೆ ನೋಡಿದ್ರೆ ಬೆರಳು ಯಾವಾಗ್ಲೋ ಗುಂಡಿಯಿಂದ ಜಾರಿತ್ತು! ಮೊದಲಿನ ಒಂದು ಶಬ್ದ ಆದ್ರೂ ಕೇಳಿರ್ಬೇಕು ಅಂದ್ಕಂಡೆ. ನೀವು ಹೊರಗೆ ಬಂದು ಹೋಗ್ತೆ ಅಂದ್ರಿ. ಅದೇ ಉತ್ತರ ಅಂದ್ಕಂಡೆ."

"ನೀವು ತಡೀತ್ರಿ ಅಂತ ಹೋಗ್ತೆ ಅಂದದ್ದು ನಾ! ಸರಿ ಅಂದ್ರೆ ಎಂತ ಅರ್ಥ? ಕೊಂಕಣಿಯಲ್ಲಿ ಎಂತಕ್ಕೆ ಹೇಳೂಕೆ ಹೋದ್ರಿ?"

"ಗಾಬ್ರಿ ಆದ್ರೆ ನಂಗೆ ಕನ್ನಡ ಬರೂದಿಲ್ಲ..."

ಅಳು ಬರುತ್ತಿದ್ದವಳಿಗೆ ನಗುವೂ ಬಂತು. ಒಂದು ಶಬ್ದಕ್ಕೆ ಒಂದು ವಾರ ಅನ್ನ ನೀರು ಬಿಟ್ಟ ಇಬ್ಬರನ್ನು ಏನೆನ್ನಬೇಕು, ನೀವೇ ಹೇಳಿ!

"ಕೆಲ್ಸ ಮಾತ್ರ ನಾ ಬಿಡೂದಿಲ್ಲ," ಅಂದಳು, ಮೂಗೊರೆಸಿಕೊಳ್ಳುತ್ತ.

"ಬಿಡ್ಬೇಡಿ. ನಾ ಅಲ್ಲಿಗೆ ಬತ್ತೆ, ನೀವು ಇಲ್ಲಿಗೆ ಬನ್ನಿ. ನಾಳೆಯೇ ಆಯಿಯನ್ನ ಕರ್ಕಂಡು ಬೊಬ್ರುವಾಡಕ್ಕೆ ಬರ್ಲಾ? ನಿಮ್ಮ ಅಪ್ಪನ ಹತ್ರ ಮಾತಾಡೂಕೆ?"

"ಅಪ್ಪನ ಹತ್ರ ಆಮೇಲೆ. ಮೊದ್ಲು ನನ್ನ ಹತ್ರ ಹೇಳಿ. ಕನ್ನಡದಲ್ಲಿ."

ಅವನು ಕೈಯನ್ನು ಅಂಗಿಗೆ ಒರೆಸಿಕೊಂಡ. ಹತ್ತಿರ ಬಂದ.

"ನಾಗಶ್ರೀ... ನೀನು ನಂಗೆ ಬೇಕು. ಬದುಕು ಪೂರಾ ಬೇಕು."

ಇಷ್ಟು ದಿನದಲ್ಲಿ ಅವನು 'ನೀನು' ಅಂದದ್ದು ಇದೇ ಮೊದಲು. ಅವಳ ಕಣ್ಣು ತುಂಬಿ ಎದುರಿಗಿದ್ದವನ ಮುಖ ಮಸುಕಾಯಿತು.

"ಇನ್ನೊಂದ್ಸಲ ಹೇಳಿ."

"ಎಂತಕ್ಕೆ? ಕೇಳ್ಸ್ಲಿಲ್ವಾ?"

"ಕೇಳಿಸ್ತು," ಅಂದಳು. "ಅದ್ಕೇ."